ಕಾಲ್ಚೆಂಡಿನ ಕಲಿ ಅಹಮದ್ ಖಾನ್

ಸಂಜೆ ಶಾಲೆ ಬಿಡುವ ಗಂಟೆ ಬಾರಿಸಿದ ಮೇಲೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ—ಈ ಯಾವ ಊರಿನ ಮೈದಾನಕ್ಕೆ ಹೋದರೂ ಒಂದು ದೃಶ್ಯ ಕಾಣಸಿಗುತ್ತದೆ. ಚೆಂಡು ಒಂದೇ, ಅದರ ಹಿಂದೆ ಓಡುವವರು ಇಪ್ಪತ್ತು ಮಂದಿ. ಧೂಳು ಎದ್ದು ಆಕಾಶ ಕೆಂಪಾಗಿರುತ್ತದೆ. ಚೆಂಡು ದೊರೆತವನು ಅದನ್ನು ಮತ್ತೊಬ್ಬನಿಗೆ ಬಿಟ್ಟುಕೊಡಲು ಒಲ್ಲ. ಗೆಳೆಯರು ‘ಕೊಡೋ, ಇತ್ತ ಕೊಡೋ’ ಎಂದು ಕೂಗುತ್ತಿದ್ದರೂ ಅವನ ಕಿವಿಗೆ ಅದು ಬೀಳದು. ಗೋಲು ಹೊಡೆಯುವ ಕೀರ್ತಿ ತನಗೇ ಬರಬೇಕೆಂದು ಒಬ್ಬನೇ ಮುನ್ನುಗ್ಗಿ, ಕಡೆಗೆ ಎದುರಾಳಿಯ ಕಾಲಿಗೆ ಚೆಂಡನ್ನು ಒಪ್ಪಿಸಿ ಬರುತ್ತಾನೆ.

ಆದರೆ ಯಾವ ತಂಡದಲ್ಲಿ ಚೆಂಡನ್ನು ಕೊಡಬಲ್ಲವನೊಬ್ಬನಿರುವನೋ ಆ ತಂಡದ ಆಟವೇ ಬೇರೆ. ಅವನು ನಾಲ್ಕು ದಿಕ್ಕುಗಳನ್ನೂ ನೋಡುತ್ತಾನೆ. ಯಾರು ಎಲ್ಲಿ ನಿಂತಿದ್ದಾರೆ, ಯಾರಿಗೆ ದಾರಿ ತೆರೆದಿದೆ ಎಂಬುದನ್ನು ಅರೆಕ್ಷಣದಲ್ಲಿ ಅರಿತು ಚೆಂಡನ್ನು ಅಲ್ಲಿಗೆ ತಲುಪಿಸುತ್ತಾನೆ. ಗೋಲು ಇನ್ನೊಬ್ಬನ ಹೆಸರಿನಲ್ಲಿ ದಾಖಲಾಗುತ್ತದೆ. ಆದರೆ ಆ ಗೋಲನ್ನು ಕಟ್ಟಿದವನು ಇವನು. ಇಂತಹವನು ವರ್ಷಗಟ್ಟಲೆ ಒಂದೇ ತಂಡದಲ್ಲಿ ನೆಲೆನಿಂತರೆ ಆ ತಂಡಕ್ಕೆ ಅವನು ಬೆನ್ನೆಲುಬಾಗುತ್ತಾನೆ. ನಮ್ಮ ನಾಡಿನಲ್ಲಿ ಹುಟ್ಟಿ, ದೂರದ ಕಲ್ಕತ್ತೆಯ ಒಂದು ಕ್ಲಬ್ಬಿಗೆ ತಮ್ಮ ಯೌವನವನ್ನೆಲ್ಲ ಧಾರೆಯೆರೆದ ಅಹಮದ್ ಖಾನರು ಅಂತಹ ಆಟಗಾರರು.

ಅಹಮದ್ ಖಾನರು 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಬಾಬಾ ಖಾನರು ಸ್ವತಃ ಕಾಲ್ಚೆಂಡಿನ ಆಟಗಾರರು. ಸೋದರರೂ ಅದೇ ಆಟಕ್ಕೆ ಮನಸೋತವರು. ಹೀಗಾಗಿ ಅವರಿಗೆ ಆಟದ ಮೊದಲ ಪಾಠಶಾಲೆ ಮನೆಯೇ ಆಯಿತು. ಆ ಕಾಲದ ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷ್ ಪಡೆಗಳು ಬೀಡುಬಿಟ್ಟಿದ್ದವು. ಸೈನಿಕರು ಬೂಟು ಧರಿಸಿ ಆಡುತ್ತಿದ್ದ ಆಟವನ್ನು ಸುತ್ತಲಿನ ಕೇರಿಗಳ ಹುಡುಗರು ಬರಿಗಾಲಿನಲ್ಲಿ ಕಲಿತರು. ಕಲಿತು, ಕಲಿಸಿದವರನ್ನೇ ಸೋಲಿಸುವ ಮಟ್ಟಕ್ಕೆ ಬೆಳೆದರು. ಮುಂಬಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಪಂದ್ಯಾವಳಿಯಲ್ಲಿ ಬಹುಕಾಲ ಬ್ರಿಟಿಷ್ ಸೈನಿಕ ತಂಡಗಳದೇ ಮೇಲುಗೈಯಾಗಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಆ ಕಪ್ಪನ್ನು ಗೆದ್ದುಕೊಂಡಿತು. ಮರುವರ್ಷವೂ ಅದನ್ನು ಉಳಿಸಿಕೊಂಡಿತು. ಆ ಮೊದಲ ವಿಜಯದ ಕಾಲಕ್ಕೆ ಅಹಮದ್ ಹತ್ತು ವರ್ಷದ ಬಾಲಕ. ಮುಂದೆ ಆ ತಂಡದ ಪರವಾಗಿಯೇ ಅವರು ಆಡಿದರು.

ಅಂದಿನ ಕಾಲ್ಚೆಂಡಾಟದಲ್ಲಿ ಆಟಗಾರರು ನಿಲ್ಲುತ್ತಿದ್ದ ಕ್ರಮವನ್ನು ಇಲ್ಲಿ ತಿಳಿಯುವುದು ಅವಶ್ಯಕ. ಗೋಲಿ ಒಬ್ಬ, ಅವನ ಮುಂದೆ ರಕ್ಷಣೆಗೆ ಇಬ್ಬರು, ನಡುವೆ ಮೂವರು, ದಾಳಿಗೆ ಐವರು. ಈ ಐವರಲ್ಲಿ ಎರಡು ಅಂಚುಗಳಲ್ಲಿ ಇಬ್ಬರು, ಮಧ್ಯದಲ್ಲಿ ಒಬ್ಬ, ಅವನ ಎರಡು ಮಗ್ಗುಲಲ್ಲಿ ಇಬ್ಬರು. ಮಗ್ಗುಲಲ್ಲಿ ನಿಲ್ಲುವ ಇವರ ಕೆಲಸವೇ ಅತ್ಯಂತ ಕಠಿಣ. ಅವರು ಹಿಂದಕ್ಕೆ ಬಂದು ನಡುವಿನವರಿಂದ ಚೆಂಡನ್ನು ಪಡೆಯಬೇಕು. ಎದುರಾಳಿಗಳನ್ನು ತಪ್ಪಿಸಿ ಮುಂದೆ ಸಾಗಬೇಕು. ತಕ್ಕ ಸಮಯದಲ್ಲಿ ತಕ್ಕವನಿಗೆ ಅದನ್ನು ಒಪ್ಪಿಸಬೇಕು. ರಕ್ಷಣೆಗೂ ದಾಳಿಗೂ ನಡುವಣ ಸೇತುವೆ ಇವರು. ಅಹಮದ್ ಖಾನರು ಎಡಮಗ್ಗುಲ ಆಟಗಾರರು. ‘ಇನ್‌ಸೈಡ್ ಲೆಫ್ಟ್’ ಎಂಬುದು ಆ ಸ್ಥಾನದ ಹೆಸರು. ಚೆಂಡು ಅವರ ಕಾಲಬೆರಳುಗಳಿಗೆ ಅಂಟಿಕೊಂಡಂತೆ ಹೊರಳುತ್ತಿತ್ತು. ಎದುರಾಳಿ ಅತ್ತ ನೋಡಿದರೆ ಚೆಂಡು ಇತ್ತ ಸರಿದಿರುತ್ತಿತ್ತು. ಪುಂಗಿಯ ನಾದಕ್ಕೆ ಹಾವು ತಲೆದೂಗುವಂತೆ ಚೆಂಡು ಅವರ ಇಚ್ಛೆಗೆ ಮಣಿಯುತ್ತಿದ್ದುದನ್ನು ಕಂಡವರು ಅವರನ್ನು ‘ಹಾವಾಡಿಗ’ನೆಂದೇ ಕರೆದರು.

1948ರಲ್ಲಿ ಲಂಡನ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ಜರುಗಿದವು. ಭಾರತ ಸ್ವತಂತ್ರವಾಗಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ. ಕಾಲ್ಚೆಂಡಿನ ತಂಡದಲ್ಲಿ ಅಹಮದ್ ಖಾನರಲ್ಲದೆ ಗೋಲಿ ವರದರಾಜ್, ಸಾರಂಗಪಾಣಿ ರಾಮನ್ ಮೊದಲಾದ ಮೈಸೂರು ಸಂಸ್ಥಾನದ ಆಟಗಾರರೂ ಇದ್ದರು. ನಾಯಕರು ನಾಗಾ ಬೆಟ್ಟಗಳ ತಾಲಿಮೆರೆನ್ ಆವೊ. ಜುಲೈ 31ರಂದು ಫ್ರಾನ್ಸ್ ದೇಶದ ತಂಡದೊಡನೆ ಪಂದ್ಯ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಕಣಕ್ಕಿಳಿದರು. ಪ್ರೇಕ್ಷಕರು ಬೆರಗಾದರು. ಫ್ರಾನ್ಸ್ ಮೊದಲು ಒಂದು ಗೋಲು ಗಳಿಸಿತು. ರಾಮನ್ ಅದನ್ನು ಸರಿಗಟ್ಟಿದರು. ದೊರೆತ ಎರಡು ಪೆನಾಲ್ಟಿ ಹೊಡೆತಗಳನ್ನು ನಮ್ಮವರು ಕಳೆದುಕೊಂಡರು. ಆಟ ಇನ್ನೇನು ಮುಗಿಯಿತೆನ್ನುವಾಗ ಫ್ರಾನ್ಸ್ ಮತ್ತೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಸೋಲು ಸೋಲೇ; ಆದರೂ ಬರಿಗಾಲಿನ ಭಾರತೀಯರ ಕೌಶಲವನ್ನು ಜಗತ್ತು ಅಂದು ಕಂಡಿತು.

ಮರುವರ್ಷ, 1949ರಲ್ಲಿ, ಅಹಮದ್ ಖಾನರ ಬಾಳಿನಲ್ಲಿ ದೊಡ್ಡ ತಿರುವು ಬಂದಿತು. ಅವರು ಬೆಂಗಳೂರನ್ನು ಬಿಟ್ಟು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಈ ಕ್ಲಬ್ಬಿನ ಹಿನ್ನೆಲೆಯನ್ನು ಅರಿಯದೆ ಅಹಮದರ ಸಾಧನೆಯ ಮಹತ್ತ್ವ ತಿಳಿಯದು.

ಈಸ್ಟ್ ಬೆಂಗಾಲ್ ಎಂದರೆ ಪೂರ್ವ ಬಂಗಾಳ. 1920ರ ಆಗಸ್ಟ್ 1ರಂದು ಸ್ಥಾಪಿತವಾದ ಈ ಕ್ಲಬ್ಬು, ಕಲ್ಕತ್ತೆಯಲ್ಲಿ ನೆಲೆಸಿದ್ದ ಪೂರ್ವ ಬಂಗಾಳದವರ ಅಭಿಮಾನದ ಸಂಸ್ಥೆ. ಕೆಂಪು ಮತ್ತು ಹೊಂಬಣ್ಣ ಅದರ ಅಂಗಿಯ ಬಣ್ಣಗಳು. 1947ರಲ್ಲಿ ದೇಶ ವಿಭಜನೆಯಾದಾಗ ಪೂರ್ವ ಬಂಗಾಳವು ಪಾಕಿಸ್ತಾನಕ್ಕೆ ಸೇರಿತು. ಲಕ್ಷಾಂತರ ಜನ ಹೊಲ, ಮನೆ, ಊರು, ನದಿಗಳನ್ನು ತೊರೆದು, ಉಟ್ಟ ಬಟ್ಟೆಯಲ್ಲಿ ಕಲ್ಕತ್ತೆಯತ್ತ ಬಂದರು. ರೈಲು ನಿಲ್ದಾಣದ ಕಟ್ಟೆಗಳೂ ಊರಂಚಿನ ಗುಡಿಸಲುಗಳೂ ಅವರಿಗೆ ಆಶ್ರಯವಾದವು. ಕಳೆದುಕೊಂಡ ನಾಡಿನ ಹೆಸರು ಅವರ ಪಾಲಿಗೆ ಉಳಿದುದು ಒಂದು ಕಾಲ್ಚೆಂಡಿನ ಕ್ಲಬ್ಬಿನಲ್ಲಿ. ಈಸ್ಟ್ ಬೆಂಗಾಲ್ ಗೆದ್ದ ದಿನ ತಾವೇ ಗೆದ್ದಂತೆ ಅವರು ಹಿಗ್ಗುತ್ತಿದ್ದರು. ಪೇಟೆಯಿಂದ ತಮ್ಮ ನದಿಗಳ ಪ್ರಿಯವಾದ ಇಲಿಷ್ ಮೀನನ್ನು ತಂದು ಹಬ್ಬ ಮಾಡುತ್ತಿದ್ದರು.

ಅವರಿಗೆ ಈ ಹಿಗ್ಗನ್ನು ತಂದುಕೊಟ್ಟ ಆಟಗಾರರಾರು? ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹರು ಆಯ್ದು ತಂದಿದ್ದ ದಕ್ಷಿಣ ಭಾರತದ ಐವರು—ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್ ಮತ್ತು ಸಾಲೆ. ದಾಳಿಯ ಸಾಲಿನಲ್ಲಿ ನಿಂತ ಈ ಐವರನ್ನು ಬಂಗಾಳದ ಜನ ‘ಪಂಚಪಾಂಡವ’ರೆಂದು ಕರೆದರು. ಕುಮಾರವ್ಯಾಸನ ನಾಡಿನವರಾದ ನಮಗೆ ಪಾಂಡವರ ಪರಿಚಯ ಹೇಳಬೇಕಾಗಿಲ್ಲ. ಆದರೆ ಈ ಪಾಂಡವರ ವಿಶೇಷವನ್ನು ಗಮನಿಸಬೇಕು. ಐವರಲ್ಲಿ ಒಬ್ಬರು ಆಂಧ್ರದವರು, ಒಬ್ಬರು ಕೇರಳದವರು, ಅಹಮದ್ ಖಾನರು ಬೆಂಗಳೂರಿನವರು. ಹುಟ್ಟಿನಿಂದ ಬಂದ ಮತವೂ ಭಾಷೆಯೂ ಬೇರೆ ಬೇರೆ. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಆ ದಿನಗಳಲ್ಲಿ, ಮತೀಯ ಕಲಹದಿಂದ ಮನೆಮಾರು ಕಳೆದುಕೊಂಡು ಬಂದ ಜನರೇ ಅಹಮದ್ ಖಾನರನ್ನೂ ಸಾಲೆಯವರನ್ನೂ ಪಾಂಡವರ ಸಾಲಿನಲ್ಲಿ ಕೂರಿಸಿ ಮೆರೆಸಿದರು. ವೇದಿಕೆಯ ಮೇಲಿನ ನೂರು ಉಪದೇಶಗಳಿಂದ ಆಗದುದನ್ನು ಮೈದಾನದ ಒಂದು ಆಟ ಸಾಧಿಸಿತು.

ಪಾಂಡವರ ಪರಾಕ್ರಮದ ಫಲವನ್ನು ಅಂಕೆಗಳೇ ಹೇಳುತ್ತವೆ. 1949ರ ಒಂದೇ ವರ್ಷದಲ್ಲಿ ಈಸ್ಟ್ ಬೆಂಗಾಲ್ ತಂಡವು ಕಲ್ಕತ್ತಾ ಲೀಗ್, ಐ.ಎಫ್.ಎ. ಶೀಲ್ಡ್ ಮತ್ತು ರೋವರ್ಸ್ ಕಪ್—ಈ ಮೂರನ್ನೂ ಗೆದ್ದಿತು. ಶೀಲ್ಡನ್ನು 1949, 1950, 1951ರಲ್ಲಿ ಸತತವಾಗಿ ಮೂರು ವರ್ಷ ತನ್ನದಾಗಿಸಿಕೊಂಡಿತು. 1950 ಮತ್ತು 1952ರಲ್ಲಿ ಲೀಗ್ ಪ್ರಶಸ್ತಿಯೂ, 1951 ಮತ್ತು 1952ರಲ್ಲಿ ದೆಹಲಿಯ ಡ್ಯುರಾಂಡ್ ಕಪ್ಪೂ ಅದಕ್ಕೆ ಒಲಿದವು. 1953ರಲ್ಲಿ ತಂಡವು ರುಮೇನಿಯಾ ಮತ್ತು ಸೋವಿಯತ್ ದೇಶಗಳಿಗೆ ಪ್ರವಾಸ ಕೈಗೊಂಡು ಅಲ್ಲಿಯ ಬಲಿಷ್ಠ ತಂಡಗಳನ್ನು ಎದುರಿಸಿತು.

ಈ ನಡುವೆ ರಾಷ್ಟ್ರತಂಡದಲ್ಲಿಯೂ ಅಹಮದ್ ಖಾನರ ಸ್ಥಾನ ಭದ್ರವಾಗಿತ್ತು. 1951ರಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ಭಾರತವು ಇರಾನ್ ತಂಡವನ್ನು 1-0ಯಿಂದ ಸೋಲಿಸಿ ಚಿನ್ನದ ಪದಕ ಪಡೆಯಿತು. ನಾಯಕ ಶೈಲೇನ್ ಮನ್ನಾ ಅವರ ಆ ವಿಜಯೀ ತಂಡದಲ್ಲಿ ಅಹಮದರೂ ಇದ್ದರು.

ಗೆಲುವಿನ ಹಿಂದೆಯೇ ಸೋಲು ಕಾದಿತ್ತು. 1952ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದವು. ಜುಲೈ 15ರಂದು ಭಾರತಕ್ಕೆ ಎದುರಾದುದು ಯುಗೋಸ್ಲಾವಿಯ. ಒಣನೆಲದಲ್ಲಿ ಬರಿಗಾಲಿಗೆ ಚೆಂಡಿನ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ. ಬೆರಳಿನ ಒಂದು ಚಲನೆಯಿಂದ ಚೆಂಡಿನ ದಿಕ್ಕನ್ನು ಬದಲಿಸಬಹುದು. ಆದರೆ ಉತ್ತರ ದೇಶದ ಚಳಿಯಲ್ಲಿ, ಜಾರುವ ಹಸುರಿನ ಮೇಲೆ, ಹಿಡಿತ ಕೊಡುವ ಬೂಟುಗಳ ಮುಂದೆ ಬರಿಗಾಲು ಸೋತಿತು. ಯುಗೋಸ್ಲಾವಿಯ ಹತ್ತು ಗೋಲುಗಳನ್ನು ಗಳಿಸಿತು. ಆಟದ ಫಲ ಎಂದೋ ನಿರ್ಧಾರವಾಗಿ ಹೋಗಿತ್ತು. ಆದರೂ ಕಡೆಯ ನಿಮಿಷಗಳಲ್ಲಿ ಭಾರತದ ಪರವಾಗಿ ಒಂದು ಗೋಲು ಬಿದ್ದಿತು. ಅದನ್ನು ಹೊಡೆದವರು ಅಹಮದ್ ಖಾನರು. ಹತ್ತು ಗೋಲುಗಳ ಭಾರದ ಕೆಳಗೂ ಬಾಗದೆ ಆಡುವುದು ಸುಲಭವಲ್ಲ. ಗೆಲ್ಲುವ ಆಸೆಯಿದ್ದಾಗ ಎಲ್ಲರೂ ಓಡುತ್ತಾರೆ. ಆಸೆ ಅಳಿದ ಮೇಲೆಯೂ ಓಡುವವನೇ ಆಟಗಾರ.

ಆ ಸೋಲು ಒಂದು ಪಾಠವನ್ನೂ ಕಲಿಸಿತು. ಬರಿಗಾಲಿನ ಆಟವನ್ನು ನಾವು ಹೆಮ್ಮೆಯೆಂದು ಬಗೆದಿದ್ದೆವು. ಕಾಲ ಬದಲಾದುದನ್ನು ಕಾಣದೆ ಹೋಗಿದ್ದೆವು. ಹೆಲ್ಸಿಂಕಿಯ ಬಳಿಕ ಭಾರತೀಯ ಕಾಲ್ಚೆಂಡು ಸಂಸ್ಥೆಯು ಆಟಗಾರರು ಬೂಟು ಧರಿಸುವುದನ್ನು ಕಡ್ಡಾಯಗೊಳಿಸಿತು. ಬಾಲ್ಯದಿಂದ ಬರಿಗಾಲಿನಲ್ಲಿ ಆಡಿ ಬೆಳೆದವರಿಗೆ ಇದು ಹೊಸದಾಗಿ ನಡೆಯಲು ಕಲಿತಂತೆಯೇ ಸರಿ. ಆದರೂ ಅಹಮದ್ ಖಾನರ ಆಟ ಅಲ್ಲಿಗೆ ಮುಗಿಯಲಿಲ್ಲ.

ಇಂತಹುದೇ ಇನ್ನೊಂದು ಪ್ರಸಂಗ ಕಾಲ್ಚೆಂಡಿನ ತವರುಗಳಲ್ಲೊಂದಾದ ಇಟಲಿ ದೇಶದಲ್ಲಿ ನಡೆದಿದೆ. ಅಹಮದ್ ಖಾನರು ಈಸ್ಟ್ ಬೆಂಗಾಲ್ ಸೇರಿದ 1949ರಲ್ಲಿಯೇ, ಮೇ 4ರಂದು, ಇಟಲಿಯ ಟೊರಿನೊ ತಂಡವನ್ನು ಹೊತ್ತು ತರುತ್ತಿದ್ದ ವಿಮಾನವು ಸುಪೆರ್ಗಾ ಬೆಟ್ಟಕ್ಕೆ ಅಪ್ಪಳಿಸಿ ತಂಡದವರೆಲ್ಲ ಮಡಿದರು. ಮಡಿದವರಲ್ಲಿ ನಾಯಕ ವಾಲೆಂಟಿನೊ ಮಾಟ್ಸೋಲಾ ಒಬ್ಬರು. ಅವರ ಮಗ ಸಾಂಡ್ರೊ ಆಗ ಆರು ವರ್ಷದ ಮಗು. ಆ ಮಗು ಬೆಳೆದು ಮಿಲಾನ್ ನಗರದ ಇಂಟರ್ ಕ್ಲಬ್ಬನ್ನು ಸೇರಿದನು. 1961ರಲ್ಲಿ ಸಂಘಟಕರ ತೀರ್ಮಾನವೊಂದನ್ನು ಪ್ರತಿಭಟಿಸಿ ಇಂಟರ್ ಕ್ಲಬ್ಬು ಯುವೆಂಟಸ್ ತಂಡದೆದುರು ತನ್ನ ಎಳೆಯ ಹುಡುಗರನ್ನೇ ಆಡಲು ಕಳುಹಿಸಿತು. ಅದು ಸಾಂಡ್ರೊ ಆಡಿದ ಮೊದಲ ಪಂದ್ಯ. ಇಂಟರ್ 9-1ರಿಂದ ಸೋತಿತು; ಆ ಒಂದು ಗೋಲು ಸಾಂಡ್ರೊನದು. ಅಂತಹ ಸೋಲಿನಿಂದ ಆರಂಭಿಸಿದ ಆತನು ಇಂಟರನ್ನು ಬಿಡಲಿಲ್ಲ. ಮೊದಮೊದಲು ಮುಂಚೂಣಿಯಲ್ಲಿ, ಆಮೇಲೆ ನಡುವಿನ ಸ್ಥಾನದಲ್ಲಿ, 1977ರವರೆಗೆ ಅದೊಂದೇ ಕ್ಲಬ್ಬಿಗಾಗಿ ಆಡಿ, 1964 ಮತ್ತು 1965ರಲ್ಲಿ ಅದು ಯೂರೋಪಿನ ಚಾಂಪಿಯನ್ ಆಗಲು ಕಾರಣರಲ್ಲಿ ಒಬ್ಬನಾದನು. ದೇಶ ಬೇರೆ, ಭಾಷೆ ಬೇರೆ. ಆದರೆ ಸೋಲಿನಲ್ಲಿ ಕೈಬಿಡದ ಗುಣ ಒಂದೇ.

ಕಲ್ಕತ್ತೆಯಲ್ಲಿ ಆಗ ಆಟಗಾರರು ಪ್ರತಿವರ್ಷ ಆಟದ ಋತು ಆರಂಭವಾಗುವ ಮುನ್ನ ಕ್ಲಬ್ಬನ್ನು ಬದಲಿಸಬಹುದಾಗಿತ್ತು. ಹೆಸರಾಂತ ಆಟಗಾರರನ್ನು ಸೆಳೆದುಕೊಳ್ಳಲು ದೊಡ್ಡ ಕ್ಲಬ್ಬುಗಳ ನಡುವೆ ಪೈಪೋಟಿ ನಡೆಯುತ್ತಿತ್ತು. ಬಾಗಿಲು ವರ್ಷವರ್ಷವೂ ತೆರೆಯುತ್ತಿತ್ತು. ಅಹಮದ್ ಖಾನರು ಹೊರಗೆ ಹೆಜ್ಜೆ ಇಡಲಿಲ್ಲ. ಜೊತೆಯ ಪಾಂಡವರ ಸಾಲು 1953ರ ಬಳಿಕ ಚದುರಿತು. ಮೊದಲಿನಂತೆ ಪ್ರಶಸ್ತಿಗಳು ಸಾಲುಸಾಲಾಗಿ ಬರಲಿಲ್ಲ. ಆಗಲೂ ಅವರು ಕೆಂಪು-ಹೊಂಬಣ್ಣದ ಅಂಗಿಯಲ್ಲಿಯೇ ಉಳಿದರು. 1949ರಲ್ಲಿ ತೊಟ್ಟ ಆ ಅಂಗಿಯನ್ನು ಕಳಚಿದುದು 1959ರಲ್ಲಿ. ತುಂಬಿದ ಕೆರೆಗೆ ಹಕ್ಕಿಗಳು ತಾವಾಗಿ ಬರುತ್ತವೆ; ನೀರು ಇಳಿದಾಗ ಉಳಿಯುವ ಹಕ್ಕಿ ವಿರಳ.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಹುಟ್ಟಿದ ಊರಿನ ತಂಡವನ್ನು ಬಿಟ್ಟು ಹೋದವರನ್ನು ನಿಷ್ಠಾವಂತರೆಂದು ಹೇಗೆ ಕರೆಯುವುದು? ಇದಕ್ಕೆ ಉತ್ತರ ನಮ್ಮ ಸಮೀಪದಲ್ಲಿಯೇ ಇದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಬಾಲಕನೊಬ್ಬನು 1935ರಲ್ಲಿ ಓದಿನ ಹಂಬಲದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋಗಿ ನ್ಯಾಷನಲ್ ಹೈಸ್ಕೂಲನ್ನು ಸೇರಿದನು. ಆತನೇ ಮುಂದೆ ಡಾ. ಎಚ್. ನರಸಿಂಹಯ್ಯನವರೆಂದು ನಾಡಿಗೆ ಪರಿಚಿತರಾದರು. ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಮೆರೆದರೂ ಅವರು 2005ರಲ್ಲಿ ಕಣ್ಮುಚ್ಚುವವರೆಗೆ ಬಾಳಿದುದು ಅದೇ ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಸಣ್ಣ ಕೋಣೆಯಲ್ಲಿ. ಊರನ್ನು ಬಿಟ್ಟರೆಂದು ಅವರು ಊರನ್ನು ಮರೆಯಲಿಲ್ಲ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ತಮ್ಮ ಸಂಸ್ಥೆಯ ಕಾಲೇಜುಗಳು ಬೆಳೆಯುವಂತೆ ಮಾಡಿದರು. ಹುಟ್ಟಿದ ಕಡೆ ಕುಳಿತಿರುವುದು ನಿಷ್ಠೆಯಲ್ಲ. ಕೈಕೊಂಡ ಕೆಲಸವನ್ನೂ, ತಮ್ಮನ್ನು ನಂಬಿದವರನ್ನೂ ನಡುದಾರಿಯಲ್ಲಿ ಬಿಡದಿರುವುದೇ ನಿಷ್ಠೆ. ಒಬ್ಬರು ಅದನ್ನು ವಿದ್ಯೆಯ ಅಂಗಳದಲ್ಲಿ ತೋರಿಸಿದರು; ಇನ್ನೊಬ್ಬರು ಆಟದ ಅಂಗಳದಲ್ಲಿ.

ಆಟದಿಂದ ನಿವೃತ್ತರಾದ ಅಹಮದ್ ಖಾನರು ತಾಯ್ನೆಲಕ್ಕೆ ಮರಳಿದರು. 2017ರ ಆಗಸ್ಟ್ 27ರಂದು ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿಯೇ ನಿಧನರಾದರು. ಕಲ್ಕತ್ತೆಯಲ್ಲಿ ಇಂದಿಗೂ ಪಂಚಪಾಂಡವರ ಮಾತು ಬಂದಾಗ ಅವರ ಹೆಸರು ಕೇಳಿಬರುತ್ತದೆ. ಹುಟ್ಟಿದ ನಾಡಿನಲ್ಲಿ ಅದನ್ನು ಬಲ್ಲವರು ಕಡಮೆ. ಇದು ನಾವು ಯೋಚಿಸಬೇಕಾದ ವಿಷಯ.

ನಾಳೆ ಸಂಜೆ ಶಾಲೆಯ ಮೈದಾನದಲ್ಲಿ ಚೆಂಡು ನಿಮ್ಮ ಕಾಲಿಗೆ ಬಂದಾಗ ಒಮ್ಮೆ ತಲೆಯೆತ್ತಿ ನೋಡಿರಿ. ನಿಮಗಿಂತ ಒಳ್ಳೆಯ ಸ್ಥಳದಲ್ಲಿ ಗೆಳೆಯನೊಬ್ಬ ನಿಂತಿರಬಹುದು. ಚೆಂಡನ್ನು ಅವನಿಗೆ ಕೊಡಿರಿ. ನಿಮ್ಮ ತಂಡ ಐದು ಗೋಲುಗಳಿಂದ ಸೋಲುತ್ತಿದ್ದರೂ ಗಂಟೆ ಬಾರಿಸುವವರೆಗೆ ಓಡಿರಿ. ಅಹಮದ್ ಖಾನರ ನೆನಪಿಗೆ ಇದಕ್ಕಿಂತ ಮಿಗಿಲಾದ ಗೌರವ ಬೇರೊಂದಿಲ್ಲ.

ಪದಗಳ ಅರ್ಥ

ಕಲಿ – ಶೂರ, ವೀರ
ಧಾರೆಯೆರೆ – ಪೂರ್ಣವಾಗಿ ಅರ್ಪಿಸು
ದಂಡು – ಸೈನ್ಯ, ಸೈನ್ಯ ಬೀಡುಬಿಟ್ಟ ಸ್ಥಳ
ಮಗ್ಗುಲು – ಪಕ್ಕ
ಸರಿಗಟ್ಟು – ಸಮಮಾಡು
ಮೆರೆಸು – ಎಲ್ಲರೆದುರು ಗೌರವಿಸು
ಪೈಪೋಟಿ – ಸ್ಪರ್ಧೆ
ವಿರಳ – ಅಪರೂಪ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಅಹಮದ್ ಖಾನರು ಎಲ್ಲಿ, ಯಾವಾಗ ಜನಿಸಿದರು?
2. ಜನರು ಅವರನ್ನು ‘ಹಾವಾಡಿಗ’ನೆಂದು ಕರೆಯಲು ಕಾರಣವೇನು?
3. ‘ಪಂಚಪಾಂಡವ’ರೆಂದು ಹೆಸರಾದ ಆಟಗಾರರು ಯಾರು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಎಡಮಗ್ಗುಲ ಆಟಗಾರನ ಕೆಲಸವು ಏಕೆ ಕಠಿಣವಾದುದು?
2. ನಿರಾಶ್ರಿತರಾಗಿ ಬಂದವರಿಗೆ ಈಸ್ಟ್ ಬೆಂಗಾಲ್ ಕ್ಲಬ್ಬು ಏಕೆ ಪ್ರಿಯವಾಗಿತ್ತು?
3. ಹೆಲ್ಸಿಂಕಿಯ ಸೋಲಿನಿಂದ ಭಾರತವು ಕಲಿತ ಪಾಠವೇನು?

ಇ. ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಿರಿ.
1. “ಆಸೆ ಅಳಿದ ಮೇಲೆಯೂ ಓಡುವವನೇ ಆಟಗಾರ.”
2. “ನೀರು ಇಳಿದಾಗ ಉಳಿಯುವ ಹಕ್ಕಿ ವಿರಳ.”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಬರಿಗಾಲು, ಮತ್ತೊಬ್ಬ, ಅತ್ಯಂತ

ಉ. ನಿಮ್ಮ ಊರಿನಲ್ಲಿ ಒಂದೇ ಸಂಸ್ಥೆಗಾಗಿ ಅಥವಾ ಒಂದೇ ಕೆಲಸಕ್ಕಾಗಿ ಬಹುಕಾಲ ದುಡಿದವರೊಬ್ಬರನ್ನು ಕುರಿತು ಒಂದು ಪುಟದಷ್ಟು ಬರೆಯಿರಿ.